ಅಳಿದವರ ಉಳಿದ ನೆಂಟರು: ಮಲೆನಾಡಿನಿಂದ ನೋಡಿದ ಸಸ್ತನಿಗಳ ಚರಿತ್ರೆ

ಮಲೆನಾಡಿನ ಕಾಡಿನಲ್ಲಿ ಸತ್ತ ಪ್ರಾಣಿಯ ಮೂಳೆ ಹೆಚ್ಚು ಕಾಲ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಬಿದ್ದ ಒಂದು ಕಾಟಿಯ (ಕಾಡುಕೋಣದ) ಮಾಂಸವನ್ನು ಕಾಡುಹಂದಿ, ನರಿ ಮತ್ತು ಹುಳುಹುಪ್ಪಟೆಗಳು ಕೆಲವೇ ವಾರಗಳಲ್ಲಿ ಮುಗಿಸುತ್ತವೆ. ಉಳಿದ ಮೂಳೆಯನ್ನೂ, ಕಡವೆ ಉದುರಿಸಿದ ಕೊಂಬನ್ನೂ ಮುಳ್ಳುಹಂದಿಗಳು ಸುಣ್ಣದ ಅಂಶಕ್ಕಾಗಿ ಕೊರೆದು ತಿನ್ನುತ್ತವೆ. ಅವುಗಳ ಹಲ್ಲಿನಿಂದ ತಪ್ಪಿಸಿಕೊಂಡದ್ದು ಮಳೆಗೆ ಸಿಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಂಥ ಮಳೆಯಲ್ಲಿ ಲಕ್ಷಾಂತರ ವರ್ಷ ತೊಯ್ದು, ಕರಗಬಲ್ಲ ಸುಣ್ಣವೆಲ್ಲ ಬಸಿದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದಿರುವ ಜಂಬಿಟ್ಟಿಗೆ ನೆಲ ಹುಳಿಮಣ್ಣಿನ, ಅಂದರೆ ಆಮ್ಲಗುಣದ, ನೆಲ. ಅಡಿಕೆ ತೋಟಕ್ಕೆ ಸುಣ್ಣ ಹಾಕುವ ರೈತರಿಗೆಲ್ಲ ಅದರ ಗುಣ ಚೆನ್ನಾಗಿ ಗೊತ್ತು. ಮೂಳೆಯ ಗಟ್ಟಿತನಕ್ಕೆ ಕಾರಣವಾದ ಕ್ಯಾಲ್ಸಿಯಂ ಫಾಸ್ಫೇಟ್ ಈ ಮಣ್ಣಿನಲ್ಲಿ ನಿಧಾನವಾಗಿ ಕರಗಿಹೋಗುತ್ತದೆ.

ಹಾಗಾದರೆ ಮಣ್ಣಿನ ಕೆಳಗಿನ ಬಂಡೆಯಲ್ಲಾದರೂ ಹಳೆಯ ಪ್ರಾಣಿಗಳ ಗುರುತು ಸಿಗಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಶಿವಮೊಗ್ಗದ ಕೆಳಗಿರುವುದು ಧಾರವಾಡ ಶಿಲಾವರ್ಗ. ಅದರ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆ ಶಿಲೆಗಳು ರೂಪುಗೊಂಡಾಗ ಭೂಮಿಯ ಮೇಲೆ ಪ್ರಾಣಿಗಳಾಗಲಿ ಗಿಡಮರಗಳಾಗಲಿ ಇರಲಿಲ್ಲ. ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಅವು ಆಳವಿಲ್ಲದ ಕಡಲಿನಲ್ಲಿ ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಎಂಬ ರಚನೆಗಳು ಕರ್ನಾಟಕದ ಈ ಪ್ರಾಚೀನ ಶಿಲೆಗಳಲ್ಲಿ ಸಿಕ್ಕಿವೆ. ಆ ಕಾಲಕ್ಕೂ ಇಂದಿನ ಜಂಬಿಟ್ಟಿಗೆಗೂ ನಡುವೆ ಕೆಸರು ಮೆತ್ತಿ ಕಲ್ಲಾಗಿ ಮೂಳೆಯನ್ನು ಕಾಪಾಡಬಲ್ಲ ಸ್ತರಗಳು ಇಲ್ಲಿ ಇಲ್ಲವೆಂದೇ ಹೇಳಬೇಕು. ಸಸ್ತನಿಗಳ ಇಡೀ ಚರಿತ್ರೆ ನಡೆದದ್ದು ಆ ನಡುವಿನ ಕಾಲದಲ್ಲಿ. ಆದ್ದರಿಂದ ಅಳಿದುಹೋದ ಸಸ್ತನಿಗಳ ಪಳೆಯುಳಿಕೆಯನ್ನು ಹುಡುಕುವವರು ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಿಗೆ, ಕಚ್ಛಕ್ಕೆ, ನರ್ಮದಾ ಕಣಿವೆಗೆ ಹೋಗಬೇಕಾಗುತ್ತದೆ. ಮಲೆನಾಡು ಕೊಡುವುದು ಬೇರೊಂದನ್ನು: ಕಲ್ಲಾದ ಮೂಳೆಯನ್ನು ಓದಲು ಬೇಕಾದ ಜೀವಂತ ಪ್ರಾಣಿಗಳನ್ನು. ಇಲ್ಲಿನ ಬರ್ಕ (ಇಲಿಜಿಂಕೆ), ಆನೆ, ಕಾಟಿಗಳನ್ನು ಗಮನವಿಟ್ಟು ನೋಡಿದವರಿಗೆ ದೂರದ ಕಲ್ಲುಗಳು ಹೇಳುವುದು ಹೆಚ್ಚು ಸ್ಪಷ್ಟವಾಗಿ ಅರ್ಥವಾಗುತ್ತದೆ.

ಮೊದಲು ಒಂದು ತಪ್ಪು ಚಿತ್ರವನ್ನು ಸರಿಸಬೇಕು. ಶಾಲೆಯ ಗೋಡೆಗಳ ಮೇಲೆ ವಿಕಾಸವನ್ನು ಸಾಮಾನ್ಯವಾಗಿ ಸಾಲುಸಾಲಾಗಿ ಬರೆದಿರುತ್ತಾರೆ: ಒಂದು ಪ್ರಾಣಿ ಮುಂದಿನದಾಗುತ್ತದೆ, ಅದು ಅದರ ಮುಂದಿನದಾಗುತ್ತದೆ, ಕೊನೆಯಲ್ಲಿ ಇಂದಿನ ಪ್ರಾಣಿ ನಿಂತಿರುತ್ತದೆ. ಆ ಸಾಲನ್ನು ನೋಡಿದ ಮಗುವಿಗೆ ಅಳಿದ ಪ್ರಾಣಿಗಳೆಲ್ಲ ಅರ್ಧ ಮಾಡಿ ಬಿಟ್ಟ ಕೆಲಸಗಳಂತೆ ಕಾಣುತ್ತವೆ. ನಿಜದಲ್ಲಿ ಒಂದು ಪ್ರಭೇದದಿಂದ ಹಲವು ಕವಲುಗಳು ಒಡೆಯುತ್ತವೆ, ಹೆಚ್ಚಿನವು ಎಲ್ಲೋ ನಿಂತುಹೋಗುತ್ತವೆ, ಕೆಲವು ಮುಂದೆ ಸಾಗುತ್ತವೆ. ನಿಂತುಹೋದ ಕವಲಿನ ಪ್ರಾಣಿಯೂ ತನ್ನ ಕಾಲದಲ್ಲಿ ತನ್ನ ನೆಲಕ್ಕೆ ಪೂರ್ಣವಾಗಿ ಹೊಂದಿಕೊಂಡು, ಲಕ್ಷಾಂತರ ವರ್ಷ ಬಾಳಿ, ಮರಿ ಹಾಕಿ ಹೋದದ್ದೇ. ಪಳೆಯುಳಿಕೆಯಾಗಿ ಸಿಕ್ಕ ಪ್ರಾಣಿ ಇಂದಿನ ಪ್ರಾಣಿಯ ನೇರ ಪೂರ್ವಜ ಆಗಿರುವ ಸಾಧ್ಯತೆಗಿಂತ ಆ ಪೂರ್ವಜನ ದಾಯಾದಿ ಆಗಿರುವ ಸಾಧ್ಯತೆಯೇ ಹೆಚ್ಚು. ಈ ಲೇಖನದಲ್ಲಿ ಬರುವ ಎಲ್ಲ ಹೆಸರುಗಳನ್ನೂ ಹೀಗೆಯೇ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಸಸ್ತನಿಗಳ ಕಥೆ ಡೈನೋಸಾರುಗಳ ಅಳಿವಿನ ನಂತರ ಶುರುವಾಯಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸಸ್ತನಿಗಳ ಕಡೆಗೆ ಬಂದ ಕವಲು ಮತ್ತು ಸರೀಸೃಪ, ಪಕ್ಷಿಗಳ ಕಡೆಗೆ ಹೋದ ಕವಲು 30 ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾದವು. ಬೆನ್ನಿನ ಮೇಲೆ ಪಟದಂಥ ರಚನೆ ಹೊತ್ತ ಡೈಮೆಟ್ರೊಡಾನ್ ಮಕ್ಕಳ ಆಟಿಕೆಗಳಲ್ಲಿ ಡೈನೋಸಾರುಗಳ ಜೊತೆ ಸೇರಿಕೊಂಡಿದೆ. ಆದರೆ ಅದು ಡೈನೋಸಾರ್ ಅಲ್ಲ, ನಮ್ಮ ಕಡೆಯ ನೆಂಟ; ಮೊದಲ ಡೈನೋಸಾರ್ ಬರುವುದಕ್ಕೆ ಕೋಟ್ಯಂತರ ವರ್ಷ ಮುಂಚೆಯೇ ಅಳಿದುಹೋಗಿತ್ತು. ಮಾರ್ಗನುಕೊಡಾನ್ ಎಂಬ ಇಲಿ ಗಾತ್ರದ ಪ್ರಾಣಿ ಸುಮಾರು 20 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳು ಇನ್ನೂ ಹರಡಿಕೊಳ್ಳುತ್ತಿದ್ದ ಕಾಲದಲ್ಲಿಯೇ ಬದುಕಿತ್ತು. ಗೋದಾವರಿ ಕಣಿವೆಯ ಕೋಟ ಶಿಲಾಸ್ತರದಲ್ಲಿಯೂ ಜುರಾಸಿಕ್ ಕಾಲದ ಸಣ್ಣ ಸಸ್ತನಿಗಳ ಹಲ್ಲುಗಳು ಸಿಕ್ಕಿವೆ.

ಹಲ್ಲು ಎಂದೆ. ಹಳೆಯ ಸಸ್ತನಿಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಹಲ್ಲಿನಿಂದ ತಿಳಿದದ್ದು. ಹಲ್ಲಿನ ಮೇಲಿನ ಎನಾಮೆಲ್ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು. ಉಳಿದೆಲ್ಲ ಹೋದರೂ ಅದು ಉಳಿಯುತ್ತದೆ. ಸರೀಸೃಪದ ಹಲ್ಲುಗಳು ಬಹುಮಟ್ಟಿಗೆ ಒಂದೇ ತೆರನಾಗಿದ್ದರೆ ಸಸ್ತನಿಯ ಬಾಯಲ್ಲಿ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲುಗಳು ಬೇರೆಬೇರೆ ಕೆಲಸಕ್ಕೆ ಬೇರೆಬೇರೆ ಆಕಾರ ಪಡೆದಿವೆ. ಮೇಲಿನ ದವಡೆಹಲ್ಲಿನ ಉಬ್ಬು ಕೆಳಗಿನ ಹಲ್ಲಿನ ತಗ್ಗಿಗೆ ಸರಿಯಾಗಿ ಕೂರುತ್ತದೆ. ಆದ್ದರಿಂದ ಒಂದೇ ಒಂದು ದವಡೆಹಲ್ಲು ಸಿಕ್ಕರೂ ಆ ಪ್ರಾಣಿ ಹುಳ ತಿನ್ನುತ್ತಿತ್ತೋ, ಎಲೆ ಜಗಿಯುತ್ತಿತ್ತೋ, ಯಾವ ಗುಂಪಿಗೆ ಸೇರಿತ್ತೋ ಹೇಳಲು ಸಾಧ್ಯವಾಗುತ್ತದೆ.

ದವಡೆಯ ವಿಷಯ ಇನ್ನೂ ಸೊಗಸಾದದ್ದು. ಸರೀಸೃಪದ ಕೆಳದವಡೆಯ ಒಂದೊಂದು ಪಾರ್ಶ್ವದಲ್ಲಿ ಹಲವು ಮೂಳೆಗಳು ಸೇರಿಕೊಂಡಿರುತ್ತವೆ, ಕಿವಿಯೊಳಗೆ ಒಂದೇ ಮೂಳೆ ಇರುತ್ತದೆ. ಸಸ್ತನಿಯಲ್ಲಿ ಇದು ತಿರುಗುಮುರುಗು: ಕೆಳದವಡೆಯ ಒಂದು ಪಾರ್ಶ್ವಕ್ಕೆ ಒಂದೇ ಮೂಳೆ, ಕಿವಿಯೊಳಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು. ಹಳೆಯ ಪ್ರಾಣಿಗಳಲ್ಲಿ ದವಡೆಯ ಕೀಲಾಗಿ ದುಡಿಯುತ್ತಿದ್ದ ಎರಡು ಮೂಳೆಗಳು ಕ್ರಮೇಣ ಚಿಕ್ಕದಾಗಿ, ದವಡೆಯಿಂದ ಬಿಡಿಸಿಕೊಂಡು, ಕಿವಿಯೊಳಗಿನ ಸುತ್ತಿಗೆ ಮತ್ತು ಅಡಿಗಲ್ಲುಗಳಾದವು. ಇದು ಬರೀ ಊಹೆಯಲ್ಲ. ಹಳೆಯ ಕೀಲು, ಹೊಸ ಕೀಲು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದ ಪ್ರಾಣಿಗಳ ಪಳೆಯುಳಿಕೆಗಳು ಸಿಕ್ಕಿವೆ. ಮಾರ್ಗನುಕೊಡಾನ್ ಅಂಥದ್ದೇ ಒಂದು. ತಾಯ ಹೊಟ್ಟೆಯಲ್ಲಿರುವ ಭ್ರೂಣದಲ್ಲಿ ಇಂದಿಗೂ ಸುತ್ತಿಗೆ ಮೂಳೆ ಕೆಳದವಡೆಯ ಮೃದ್ವಸ್ಥಿಯ ತುದಿಯಲ್ಲಿಯೇ ರೂಪುಗೊಂಡು ಆಮೇಲೆ ಬೇರೆಯಾಗುತ್ತದೆ. ಜೀರುಂಡೆಯ ಕೀರಲು ದನಿಯನ್ನು ನಾವು ಕೇಳುತ್ತಿರುವುದು ಒಂದು ಕಾಲಕ್ಕೆ ಆಹಾರ ಕಚ್ಚಲು ಬಳಕೆಯಾಗುತ್ತಿದ್ದ ಮೂಳೆಗಳಿಂದ. ಶರೀರರಚನಾಶಾಸ್ತ್ರದಲ್ಲಿ ಇದಕ್ಕಿಂತ ಬೆರಗು ಹುಟ್ಟಿಸುವ ಸಂಗತಿ ನನಗೆ ಬೇರೆ ಗೊತ್ತಿಲ್ಲ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊದ ಬಳಿ ಬೃಹತ್ ಕ್ಷುದ್ರಗ್ರಹವೊಂದು ಅಪ್ಪಳಿಸಿತು. ಅದೇ ಸುಮಾರಿಗೆ ನಮ್ಮ ದಖನ್ನಿನಲ್ಲಿ ಲಾವಾ ಪ್ರವಾಹಗಳು ಹರಿಯುತ್ತಿದ್ದವು. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಪ್ಪು ಕಲ್ಲು ಆ ಲಾವಾದಿಂದ ಆದದ್ದು. ಎರಡು ಲಾವಾ ಪ್ರವಾಹಗಳ ನಡುವಿನ ಬಿಡುವಿನಲ್ಲಿ ಉಂಟಾದ ಕೆರೆಗಳ ಕೆಸರಿನಲ್ಲಿ, ಇಂದಿನ ತೆಲಂಗಾಣದ ನಸ್ಕಲ್ ಎಂಬಲ್ಲಿ, ಡೆಕ್ಕನೊಲೆಸ್ಟಿಸ್ ಎಂಬ ಸಣ್ಣ ಸಸ್ತನಿಯ ಹಲ್ಲುಗಳು ಸಿಕ್ಕವು. ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅದನ್ನು 1988ರಲ್ಲಿ ವರದಿ ಮಾಡಿದರು. ಆ ಹಲ್ಲುಗಳು ಒಂದೆರಡು ಮಿಲಿಮೀಟರಿನಷ್ಟು ಮಾತ್ರ. ಮಣ್ಣನ್ನು ನೀರಿನಲ್ಲಿ ತೊಳೆದು, ಸಣ್ಣ ಜರಡಿಯಲ್ಲಿ ಸೋಸಿ, ಸೂಕ್ಷ್ಮದರ್ಶಕದ ಕೆಳಗೆ ಹೆಕ್ಕಿ ತೆಗೆಯುವ ಕೆಲಸವಿದು. ದೊಡ್ಡ ಡೈನೋಸಾರುಗಳು ಹೋದ ಮೇಲೆ ಇಂಥ ಸಣ್ಣ ಪ್ರಾಣಿಗಳ ಸಂತತಿಗಳಿಂದಲೇ ಕುದುರೆ, ಬಾವಲಿ, ಹುಲಿ, ತಿಮಿಂಗಿಲಗಳಷ್ಟು ಭಿನ್ನವಾದ ಪ್ರಾಣಿಗಳು ಒಂದೆರಡು ಕೋಟಿ ವರ್ಷಗಳೊಳಗೆ ಕವಲೊಡೆದವು.

ತಿಮಿಂಗಿಲದ ಮಾತಿಗೆ ಬರುವ ಮುನ್ನ ಬರ್ಕವನ್ನು ನೋಡೋಣ. ಇಲಿಜಿಂಕೆ ಎಂದೂ ಕರೆಯುವ ಈ ಪ್ರಾಣಿ ಪಶ್ಚಿಮ ಘಟ್ಟದ ದಟ್ಟ ಕಾಡುಗಳಲ್ಲಿದೆ. ಮೊಲಕ್ಕಿಂತ ತುಸು ದೊಡ್ಡದು, ಎರಡರಿಂದ ನಾಲ್ಕು ಕಿಲೊ ತೂಗುತ್ತದೆ, ಮೈಮೇಲೆ ಬಿಳಿ ಚುಕ್ಕೆಗಳೂ ಪಟ್ಟೆಗಳೂ ಇವೆ. ರಾತ್ರಿ ಹೊತ್ತು ಓಡಾಡುವುದರಿಂದ ಕಾಡಿನಂಚಿನಲ್ಲಿಯೇ ಬದುಕು ಕಳೆದವರೂ ಅದನ್ನು ನೋಡುವುದು ಅಪರೂಪ. ನೋಡಲು ಪುಟ್ಟ ಜಿಂಕೆಯಂತಿದ್ದರೂ ಅದು ಜಿಂಕೆಯಲ್ಲ. ಕೊಂಬಿಲ್ಲ; ಗಂಡಿಗೆ ಮೇಲಿನ ದವಡೆಯಿಂದ ಸಣ್ಣ ಕೋರೆಗಳು ಇಳಿದಿರುತ್ತವೆ. ಜಿಂಕೆ, ದನಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿದ್ದರೆ ಇದರಲ್ಲಿ ಮೂರು ಮಾತ್ರ ಪೂರ್ತಿ ಬೆಳೆದಿವೆ. ಮೆಲುಕು ಹಾಕುವ ಪ್ರಾಣಿಗಳ ಗುಂಪಿನಿಂದ ಬಹಳ ಹಿಂದೆಯೇ ಕವಲೊಡೆದು, ಹಳೆಯ ದೇಹವಿನ್ಯಾಸವನ್ನು ಬಹುಮಟ್ಟಿಗೆ ಉಳಿಸಿಕೊಂಡು ಬಂದ ವಂಶವಿದು. ಇದರ ನೆಂಟನಾದ ಡಾರ್ಕಥೀರಿಯಂನ ಪಳೆಯುಳಿಕೆಗಳು ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕಿವೆ. ಆಫ್ರಿಕಾದಲ್ಲಿರುವ ಇನ್ನೊಂದು ನೆಂಟ, ಹದ್ದೋ ಚಿರತೆಯೋ ಬೆನ್ನಟ್ಟಿದರೆ ಹೊಳೆಗೆ ಹಾರಿ ನೀರಿನಡಿಯಲ್ಲಿ ನಡೆದು ತಪ್ಪಿಸಿಕೊಳ್ಳುತ್ತದೆ.

ಈಗ ಜಮ್ಮುವಿನ ಕಡೆಗೆ. ರಾಜೌರಿ ಜಿಲ್ಲೆಯ ಕಾಲಾಕೋಟ್ ಪ್ರದೇಶದ, ಸುಮಾರು 4.8 ಕೋಟಿ ವರ್ಷ ಹಳೆಯ ಶಿಲೆಗಳಿಂದ ಭೂವಿಜ್ಞಾನಿ ಎ. ರಂಗರಾವ್ ಪಳೆಯುಳಿಕೆಗಳನ್ನು ಸಂಗ್ರಹಿಸಿ, 1971ರಲ್ಲಿ ಇಂಡೋಹಯಸ್ ಎಂಬ ಹೊಸ ಕುಲವನ್ನು ಹೆಸರಿಸಿದರು. ಅದು ಗೊರಸಿನ ಪ್ರಾಣಿ, ಗಾತ್ರದಲ್ಲಿ ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ದೇಹದ ಆಕಾರದಲ್ಲಿ ಬರ್ಕವನ್ನು ಬಹಳ ಹೋಲುತ್ತಿತ್ತು. ಅವರು ಸಂಗ್ರಹಿಸಿದ್ದ ಕಲ್ಲುಗಳಲ್ಲಿ ಹಲವು ಬಿಡಿಸದೆ ಉಳಿದಿದ್ದವು. ಅವರ ಕಾಲಾನಂತರ ಅಮೆರಿಕದ ಜೆ.ಜಿ.ಎಂ. ಥೆವಿಸ್ಸೆನ್ ಅವರ ತಂಡ ಆ ಕಲ್ಲುಗಳನ್ನು ಬಿಡಿಸಿದಾಗ ತಲೆಬುರುಡೆಯ ಕಿವಿಯ ಭಾಗದಲ್ಲಿ ಒಂದು ವಿಚಿತ್ರ ಕಂಡಿತು: ಕಿವಿಯ ಗೂಡಿನ ಮೂಳೆಯ ಒಳಬದಿಯ ಅಂಚು ತುಂಬ ದಪ್ಪವಾಗಿತ್ತು. ಅಲ್ಲಿಯವರೆಗೆ ಆ ದಪ್ಪ ಅಂಚು ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಗುಂಪಿಗೆ ಮಾತ್ರ ಸೇರಿದ ಗುರುತೆಂದು ತಿಳಿಯಲಾಗಿತ್ತು. 2007ರಲ್ಲಿ ಪ್ರಕಟವಾದ ಈ ಅಧ್ಯಯನ ಇನ್ನೂ ಎರಡು ಸಂಗತಿಗಳನ್ನು ಸೇರಿಸಿತು. ಇಂಡೋಹಯಸ್‌ನ ಕಾಲಿನ ಮೂಳೆಗಳು ದಪ್ಪ ಗೋಡೆಯ, ಭಾರವಾದ ಮೂಳೆಗಳು. ನೀರಿನಲ್ಲಿ ತೇಲದೆ ತಳದಲ್ಲಿ ನಡೆಯಬೇಕಾದ ಪ್ರಾಣಿಗೆ ಇಂಥ ಮೂಳೆ ಅನುಕೂಲ. ಅದರ ಹಲ್ಲಿನಲ್ಲಿರುವ ಆಮ್ಲಜನಕದ ಐಸೊಟೋಪುಗಳ (ಒಂದೇ ಧಾತುವಿನ, ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳ) ಪ್ರಮಾಣವೂ ಹೆಚ್ಚು ಹೊತ್ತು ನೀರಿನಲ್ಲಿ ಕಳೆಯುವ ಪ್ರಾಣಿಗೆ ಹೊಂದುತ್ತಿತ್ತು. ನೀರಿನಲ್ಲಿ ಬದುಕುವ ಅಭ್ಯಾಸ ತಿಮಿಂಗಿಲದ ಆಕಾರ ಬರುವುದಕ್ಕಿಂತ ಬಹಳ ಮೊದಲೇ, ಗೊರಸಿನ ಕಾಲುಳ್ಳ ಪುಟ್ಟ ಸಸ್ಯಾಹಾರಿಯಲ್ಲಿಯೇ ಆರಂಭವಾಗಿತ್ತು ಎಂಬುದು ಇದರಿಂದ ತಿಳಿಯಿತು.

ಇಲ್ಲಿಂದ ಮುಂದಿನ ಕವಲುಗಳು ಬಹುಪಾಲು ಭಾರತ ಮತ್ತು ಪಾಕಿಸ್ತಾನದ ನೆಲದಲ್ಲಿಯೇ ಸಿಕ್ಕಿವೆ. ಅದಕ್ಕೆ ಕಾರಣವೂ ಇದೆ. ಆಗ ಭಾರತ ದಕ್ಷಿಣದಿಂದ ಸರಿದು ಬಂದು ಏಷ್ಯಾಕ್ಕೆ ಡಿಕ್ಕಿ ಹೊಡೆಯುತ್ತಿತ್ತು, ನಡುವಿನ ಟೆಥಿಸ್ ಸಮುದ್ರ ಕಿರಿದಾಗುತ್ತ ಆಳವಿಲ್ಲದ, ಬೆಚ್ಚಗಿನ, ಮೀನು ತುಂಬಿದ ಕರಾವಳಿಗಳನ್ನು ಉಂಟುಮಾಡಿತ್ತು. ಸುಮಾರು 5 ಕೋಟಿ ವರ್ಷಗಳ ಹಿಂದಿನ ಪ್ಯಾಕಿಸೀಟಸ್ ನಾಲ್ಕು ಕಾಲಿನ ಮೇಲೆ ನಡೆಯುತ್ತಿತ್ತು, ನೋಡಲು ತೋಳದಂತೆ ಇತ್ತು; ಕಿವಿಯ ಮೂಳೆ ಮಾತ್ರ ತಿಮಿಂಗಿಲದ್ದು. ಆಂಬುಲೋಸೀಟಸ್ ಮೊಸಳೆಯ ಹಾಗೆ ಅಳಿವೆಯ ನೀರಿನಲ್ಲಿ ಹೊಂಚು ಹಾಕುತ್ತಿದ್ದ ಪ್ರಾಣಿ. ಕಚ್ಛದಲ್ಲಿ ದೊರೆತ, 2000ದಲ್ಲಿ ಸುನಿಲ್ ಬಾಜಪೇಯಿ ಮತ್ತು ಥೆವಿಸ್ಸೆನ್ ಹೆಸರಿಟ್ಟ ಕಚ್ಚಿಸೀಟಸ್ ಗಿಡ್ಡ ಕಾಲು, ಉದ್ದ ಬಾಲದ, ನೀರುನಾಯಿಯ ಮೈಕಟ್ಟಿನ ತಿಮಿಂಗಿಲ. ಸುಮಾರು 4 ಕೋಟಿ ವರ್ಷಗಳ ಹಿಂದೆ ಬೆಸಿಲೋಸಾರಸ್ ಪೂರ್ತಿಯಾಗಿ ಕಡಲಿಗೆ ಸೇರಿತ್ತು. ಅದರ 15 ಮೀಟರಿಗೂ ಉದ್ದದ ದೇಹದಲ್ಲಿ ಮಂಡಿ, ಪಾದ, ಬೆರಳುಗಳೆಲ್ಲ ಇರುವ, ಆದರೆ ನಡೆಯಲು ಯಾವ ಪ್ರಯೋಜನಕ್ಕೂ ಬಾರದ ಪುಟ್ಟ ಹಿಂಗಾಲುಗಳು ಉಳಿದಿದ್ದವು. ಇವು ಅಜ್ಜ, ಅಪ್ಪ, ಮಗನ ಸಾಲಲ್ಲ. ಕೆಲವು ಒಂದೇ ಕಾಲದಲ್ಲಿ ಬೇರೆಬೇರೆ ತೀರಗಳಲ್ಲಿ ಬದುಕಿದ್ದವು, ಹೆಚ್ಚಿನವು ಸಂತತಿ ಉಳಿಸದೆ ಹೋದವು.

ಇವೆಲ್ಲ ಗೊರಸಿನ ಪ್ರಾಣಿಗಳ ವಂಶವೇ ಎಂದು ಖಚಿತವಾಗಿ ಹೇಳಿದ್ದು ಪಾದದ ಕೀಲಿನ ಒಂದು ಮೂಳೆ. ದನ, ಹಂದಿ, ಜಿಂಕೆ, ಬರ್ಕ ಮುಂತಾದ ಸಮಸಂಖ್ಯೆಯ ಗೊರಸಿನ ಪ್ರಾಣಿಗಳಲ್ಲಿ ಈ ಮೂಳೆಯ ಮೇಲ್ತುದಿಯೂ ಕೆಳತುದಿಯೂ ಬಾವಿಯ ರಾಟೆಯಂತೆ ನಡುವೆ ತಗ್ಗಿದ್ದು ಉರುಟಾಗಿರುತ್ತವೆ. ಬೇರೆ ಯಾವ ಸಸ್ತನಿಯಲ್ಲಿಯೂ ಹೀಗಿಲ್ಲ. ಹಳೆಯ ತಿಮಿಂಗಿಲಗಳು ಅಳಿದುಹೋದ ಮಾಂಸಾಹಾರಿ ಗುಂಪೊಂದರಿಂದ ಬಂದವೆಂದು ಪಳೆಯುಳಿಕೆ ತಜ್ಞರು ಬಹುಕಾಲ ನಂಬಿದ್ದರು. ಡಿಎನ್ಎ ಪರೀಕ್ಷೆ ಮಾಡುತ್ತಿದ್ದವರು ಮಾತ್ರ ತಿಮಿಂಗಿಲಕ್ಕೆ ಅತಿ ಹತ್ತಿರದ ಜೀವಂತ ನೆಂಟ ನೀರಾನೆಯೆಂದು ಹೇಳುತ್ತ ಬಂದಿದ್ದರು. 2001ರಲ್ಲಿ ಪಾಕಿಸ್ತಾನದಿಂದ ಎರಡು ತಂಡಗಳು ಪ್ರತ್ಯೇಕವಾಗಿ ಕಾಲುಳ್ಳ ತಿಮಿಂಗಿಲಗಳ ಪಾದದ ಮೂಳೆಗಳನ್ನು ಪ್ರಕಟಿಸಿದವು. ಎರಡೂ ತುದಿಯಲ್ಲಿ ರಾಟೆಯ ಆಕಾರವಿತ್ತು. ಮೂಳೆ ಓದುವವರೂ ಡಿಎನ್ಎ ಓದುವವರೂ ಒಂದೇ ಉತ್ತರಕ್ಕೆ ಬಂದರು. ಬರ್ಕ ತಿಮಿಂಗಿಲದ ಪೂರ್ವಜ ಎಂದು ಇದರರ್ಥವಲ್ಲ. ಇಬ್ಬರ ಹಿಂದೆ ಒಬ್ಬ ಸಮಾನ ಪೂರ್ವಜನಿದ್ದ. ಒಂದು ಕವಲು ಕಡಲನ್ನು ಸೇರಿ ಗುರುತೇ ಸಿಗದಷ್ಟು ಬದಲಾಯಿತು, ಇನ್ನೊಂದು ಕವಲು ಕಾಡಿನ ನೆರಳಿನಲ್ಲಿ ಹಳೆಯ ಆಕಾರದಲ್ಲಿಯೇ ಉಳಿಯಿತು.

ಆನೆಯ ಚರಿತ್ರೆಯನ್ನು ಓದಲು ಹಲ್ಲೇ ಸರಿಯಾದ ದಾರಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರಿನ ತುಂಗಾ ಹಿನ್ನೀರಿನ ಪಕ್ಕದ ಸಕ್ರೆಬೈಲಿನ ಬಿಡಾರದಲ್ಲಿ ಆನೆಗಳಿಗೆ ಭತ್ತದ ಹುಲ್ಲಿನೊಳಗೆ ಭತ್ತ, ಬೆಲ್ಲ, ಕಾಯಿ ಇಟ್ಟು ಕಟ್ಟಿದ ಕುಸುರೆ ಕೊಡುತ್ತಾರೆ. ಹುಲ್ಲಿನಲ್ಲಿ ಮರಳಿನ ಗುಣದ ಸಿಲಿಕಾ ಇದೆ. ಅದನ್ನು ದಿನವೂ ಕ್ವಿಂಟಲ್‌ಗಟ್ಟಲೆ ಅರೆಯುವ ಹಲ್ಲು ಸವೆಯದೆ ಇರದು. ಇದಕ್ಕೆ ಆನೆಯ ದೇಹ ಕಂಡುಕೊಂಡ ದಾರಿ ಅಪೂರ್ವವಾದದ್ದು. ಪ್ರತಿ ದವಡೆಯ ಒಂದೊಂದು ಪಾರ್ಶ್ವಕ್ಕೆ ಜೀವಮಾನದಲ್ಲಿ ಆರು ಅರೆಯುವ ಹಲ್ಲುಗಳು ಬರುತ್ತವೆ, ಆದರೆ ಒಟ್ಟಿಗೆ ಬರುವುದಿಲ್ಲ. ಹೊಸ ಹಲ್ಲು ದವಡೆಯ ಹಿಂಭಾಗದಲ್ಲಿ ಹುಟ್ಟಿ ಮುಂದಕ್ಕೆ ಸರಿಯುತ್ತದೆ. ಸವೆದ ಹಲ್ಲು ಮುಂದಿನಿಂದ ಚೂರುಚೂರಾಗಿ ಉದುರುತ್ತದೆ. ಪ್ರತಿ ಹಲ್ಲೂ ಒಂದರ ಹಿಂದೆ ಒಂದು ನಿಂತ ಎನಾಮೆಲ್ ಹಾಳೆಗಳಿಂದ ಕಟ್ಟಿದ್ದು. ಏಷ್ಯಾದ ಆನೆಯ ಕೊನೆಯ ಹಲ್ಲಿನಲ್ಲಿ ಇಂಥ 20ಕ್ಕೂ ಹೆಚ್ಚು ಹಾಳೆಗಳಿರುತ್ತವೆ. ಆರನೆಯ ಹಲ್ಲೂ ಸವೆದು ಹೋದರೆ, ಸುಮಾರು 60ರ ವಯಸ್ಸಿನ ನಂತರ, ಕಾಡಿನ ಆನೆ ಮೇವು ಅರೆಯಲಾರದೆ ಸೊರಗುತ್ತದೆ.

ಈ ಹಲ್ಲು ಮೊದಲಿನಿಂದಲೂ ಹೀಗಿರಲಿಲ್ಲ. ಆನೆಗಳ ಗುಂಪಿನ ಅತಿ ಹಳೆಯ ಪ್ರಾಣಿಗಳಲ್ಲಿ ಒಂದಾದ ಎರಿಥೀರಿಯಂ ಸುಮಾರು 6 ಕೋಟಿ ವರ್ಷಗಳ ಹಿಂದೆ ಇಂದಿನ ಮೊರಾಕ್ಕೊದಲ್ಲಿ ಬದುಕಿತ್ತು. ಅದರ ತೂಕ ಐದಾರು ಕಿಲೊ ಮಾತ್ರ. ಸೊಂಡಿಲೂ ಇಲ್ಲ, ಉದ್ದ ದಂತವೂ ಇಲ್ಲ. ಹಲ್ಲಿನ ಉಬ್ಬುಗಳ ಜೋಡಣೆ ನೋಡಿಯೇ ಅದನ್ನು ಆನೆಯ ಕಡೆಯದೆಂದು ಗುರುತಿಸಿದರು. ಈಜಿಪ್ಟಿನ ಫಯೂಮ್‌ನಲ್ಲಿ ಸಿಕ್ಕ ಮೊಯರಿಥೀರಿಯಂ ಹಂದಿ ಗಾತ್ರದ, ಅರ್ಧ ಬದುಕನ್ನು ನೀರಿನಲ್ಲಿ ಕಳೆಯುತ್ತಿದ್ದ ಪ್ರಾಣಿ. ಬಹುಕಾಲ ಆಫ್ರಿಕಾದಲ್ಲಿಯೇ ಇದ್ದ ಈ ಗುಂಪು, ಅರೇಬಿಯಾದ ಮೂಲಕ ನೆಲದ ದಾರಿ ತೆರೆದಾಗ, ಸುಮಾರು 2 ಕೋಟಿ ವರ್ಷಗಳ ಹಿಂದಿನ ಸುಮಾರಿಗೆ, ಏಷ್ಯಾದಲ್ಲಿ ಹರಡಿಕೊಂಡಿತು. ಮೇಲೆರಡು ಕೆಳಗೆರಡು ದಂತಗಳಿದ್ದ ಗೊಂಫೊಥೀರಿಯಂಗಳು, ಕೆಳದವಡೆಯಿಂದ ಮಾತ್ರ ಕೆಳಕ್ಕೆ ಬಾಗಿದ ದಂತಗಳಿದ್ದ ಡೈನೊಥೀರಿಯಂಗಳು ಭಾರತದಲ್ಲಿಯೂ ಇದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಹ್ಯೂ ಫಾಲ್ಕನರ್ ಮತ್ತು ಪ್ರೋಬಿ ಕಾಟ್ಲೆ ಶಿವಾಲಿಕ್ ಬೆಟ್ಟಗಳಿಂದ ಹೆಕ್ಕಿದ ಒಂದು ಪ್ರಭೇದಕ್ಕೆ ಗಣೇಶನ ಹೆಸರನ್ನೇ ಇಟ್ಟರು: ಸ್ಟೆಗೊಡಾನ್ ಗಣೇಶ. ಮೂರು ಮೀಟರಿಗೂ ಉದ್ದದ ಅದರ ಎರಡು ದಂತಗಳು ಬುಡದಲ್ಲಿ ಎಷ್ಟು ಒತ್ತಾಗಿದ್ದವೆಂದರೆ ಅವುಗಳ ನಡುವೆ ಸೊಂಡಿಲು ಇಳಿಬಿಡಲು ಜಾಗವಿರಲಿಲ್ಲ. ಸೊಂಡಿಲನ್ನು ಪಕ್ಕಕ್ಕೆ ಹಾಕಿಕೊಂಡಿರಬೇಕು.

ಸ್ಟೆಗೊಡಾನ್‌ನ ಹಲ್ಲು ಗಿಡ್ಡ. ಅದರ ಮೇಲೆ ಮನೆಯ ಸೂರಿನ ಆಕಾರದ ತಗ್ಗಾದ ಏಣುಗಳು. ಎಲೆ, ಚಿಗುರು, ತೊಗಟೆ ಜಗಿಯಲು ಅದು ಸಾಕು. ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದೆ ಉತ್ತರ ಭಾರತದ ಕಾಡುಗಳು ತೆಳುವಾಗಿ ಹುಲ್ಲುಗಾವಲು ಹರಡಿತು. ಶಿವಾಲಿಕ್ ಮಣ್ಣಿನ ಮತ್ತು ಹಲ್ಲುಗಳ ಇಂಗಾಲದ ಐಸೊಟೋಪುಗಳಲ್ಲಿ ಈ ಬದಲಾವಣೆ ದಾಖಲಾಗಿದೆ, ಏಕೆಂದರೆ ಬಿಸಿ ನಾಡಿನ ಹುಲ್ಲುಗಳೂ ಮರಗಳೂ ಗಾಳಿಯ ಇಂಗಾಲವನ್ನು ಬೇರೆಬೇರೆ ವಿಧಾನದಲ್ಲಿ ಹಿಡಿಯುತ್ತವೆ. ಹುಲ್ಲು ತಿನ್ನಬೇಕಾದ ಕಾಲದಲ್ಲಿ ಎತ್ತರದ, ಹೆಚ್ಚು ಹಾಳೆಗಳ ಹಲ್ಲು ಇದ್ದ ಆನೆಗಳು ಹೆಚ್ಚು ವರ್ಷ ಬದುಕಿ ಹೆಚ್ಚು ಮರಿ ಹಾಕಿದವು. ಆಫ್ರಿಕಾದಲ್ಲಿ ಹೀಗೆ ರೂಪುಗೊಂಡ ನಿಜವಾದ ಆನೆಗಳು ಆಮೇಲೆ ಭಾರತಕ್ಕೆ ಬಂದವು. ಶಿವಾಲಿಕ್‌ನ ಎಲಿಫಾಸ್ ಹೈಸುಡ್ರಿಕಸ್ ಇಂದಿನ ಏಷ್ಯಾದ ಆನೆಯ ಪೂರ್ವಜನೆಂದು ತಜ್ಞರು ಭಾವಿಸುತ್ತಾರೆ. ಯಾವ ಆನೆಯೂ ಬಯಸಿ ತನ್ನ ಹಲ್ಲನ್ನು ಎತ್ತರಿಸಿಕೊಳ್ಳಲಿಲ್ಲ. ಇದ್ದ ವ್ಯತ್ಯಾಸಗಳಲ್ಲಿ ಮೇವಿಗೆ ಹೊಂದಿದ್ದು ಉಳಿಯಿತು, ಲಕ್ಷಾಂತರ ವರ್ಷ ಹೀಗೆಯೇ ನಡೆಯಿತು. ಸಕ್ರೆಬೈಲಿನ ಆನೆಗೆ ಆಫ್ರಿಕಾದ ಆನೆಗಿಂತ ಸೈಬೀರಿಯದ ಹಿಮದಲ್ಲಿದ್ದ ಉಣ್ಣೆಯ ಮ್ಯಾಮತ್ ಹತ್ತಿರದ ನೆಂಟ ಎಂದು ಡಿಎನ್ಎ ಹೇಳುತ್ತದೆ. ಆ ಮ್ಯಾಮತ್‌ಗಳಲ್ಲಿ ಕೊನೆಯವು ಆರ್ಕ್ಟಿಕ್‌ನ ರಾಂಗೆಲ್ ದ್ವೀಪದಲ್ಲಿ ಸುಮಾರು 4000 ವರ್ಷಗಳ ಹಿಂದಿನವರೆಗೂ ಬದುಕಿದ್ದವು; ಆಗ ಹರಪ್ಪದ ನಗರಗಳು ಇನ್ನೂ ಇದ್ದವು.

ಇಷ್ಟೊಂದು ಬಗೆಯ ಆನೆಗಳಿದ್ದು ಈಗ ಮೂರೇ ಪ್ರಭೇದಗಳು ಉಳಿದದ್ದೇಕೆ? ಅಳಿವಿಗೆ ಒಂದೇ ಕಾರಣವನ್ನು ಹುಡುಕುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆದರೆ ದೊಡ್ಡ ಪ್ರಾಣಿಗಳಿಗೆ ಸಮಾನವಾದ ಒಂದು ದೌರ್ಬಲ್ಯವಿದೆ. ಆನೆ ಸುಮಾರು 20 ತಿಂಗಳು ಗರ್ಭ ಧರಿಸಿ ಒಂದು ಮರಿ ಹಾಕುತ್ತದೆ, ಮುಂದಿನ ಮರಿಗೆ ಮತ್ತೆ ನಾಲ್ಕೈದು ವರ್ಷ ಬೇಕು. ಇಂಥ ಪ್ರಾಣಿಯ ಸಾವಿನ ಪ್ರಮಾಣ ವರ್ಷಕ್ಕೆ ಅತಿ ಸ್ವಲ್ಪ ಹೆಚ್ಚಿದರೂ ಹುಟ್ಟು ಅದನ್ನು ತುಂಬಲಾರದು. ನೂರಾರು ವರ್ಷಗಳಲ್ಲಿ, ಯಾರ ಗಮನಕ್ಕೂ ಬಾರದೆ, ಸಂತತಿ ಮುಗಿಯುತ್ತದೆ. ಇಲಿ, ಮೊಲಗಳಿಗೆ ಈ ಅಪಾಯ ಕಡಿಮೆ. ಹವಾಮಾನ ಬದಲಾಗಿ ಮೇವಿನ ನೆಲ ತುಂಡುತುಂಡಾದಾಗ ಬೇಟೆಯೂ ಸೇರಿದರೆ ದೊಡ್ಡ ಪ್ರಾಣಿಗಳೇ ಮೊದಲು ಹೋಗುತ್ತವೆ. ಉತ್ತರ ಮತ್ತು ದಕ್ಷಿಣ ಅಮೆರಿಕ ಹಾಗೂ ಆಸ್ಟ್ರೇಲಿಯಾಗಳಲ್ಲಿ ಮನುಷ್ಯ ಕಾಲಿಟ್ಟ ನಂತರದ ಸಾವಿರಾರು ವರ್ಷಗಳಲ್ಲಿ ದೊಡ್ಡ ಸಸ್ತನಿಗಳ ಕುಲಗಳಲ್ಲಿ ಮೂರರಲ್ಲಿ ಎರಡಕ್ಕೂ ಹೆಚ್ಚು ಪಾಲು ಇಲ್ಲವಾದವು.

ಭಾರತದ ಸ್ಥಿತಿ ಬೇರೆ. ಇಲ್ಲಿಯೂ ನಷ್ಟವಾಗಿದೆ: ನರ್ಮದಾ ಕಣಿವೆಯ ಪ್ಯಾಲಿಯೊಲಾಕ್ಸೊಡಾನ್ ನಮಾಡಿಕಸ್ ಎಂಬ ಆನೆ, ನೆಲದ ಮೇಲೆ ನಡೆದ ಅತಿ ದೊಡ್ಡ ಸಸ್ತನಿಗಳಲ್ಲಿ ಒಂದು, ಅಳಿದುಹೋಯಿತು. ಕೊನೆಯ ಸ್ಟೆಗೊಡಾನ್‌ಗಳು, ಭಾರತದ ನೀರಾನೆ, ಆಸ್ಟ್ರಿಚ್ ಪಕ್ಷಿ ಕೂಡ ಹೋದವು. ಕರ್ನಾಟಕದಲ್ಲಿಯೇ, ಗೋಕಾಕದ ಹತ್ತಿರ ಘಟಪ್ರಭಾ ನದಿಯ ಪ್ರದೇಶದಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅಳಿದ ಘೇಂಡಾಮೃಗವೊಂದರ ಅವಶೇಷಗಳನ್ನು ಕಂಡು 1874ರಲ್ಲಿ ಅದಕ್ಕೆ ರೈನೊಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಮಲೆನಾಡಿನ ಹುಳಿಮಣ್ಣು ಕೊಡದ ಸಾಕ್ಷ್ಯವನ್ನು ಉತ್ತರ ಕರ್ನಾಟಕದ ಸುಣ್ಣ ತುಂಬಿದ ಮೆಕ್ಕಲು ಮಣ್ಣು ಕೊಟ್ಟಿತು. ಘೇಂಡಾಮೃಗ ಅಡ್ಡಾಡುತ್ತಿದ್ದ ನಾಡು ನಮ್ಮದೇ ರಾಜ್ಯದ ನಾಡು ಎಂಬುದನ್ನು ಇಲ್ಲಿನ ಮಕ್ಕಳಿಗೆ ಯಾವ ಪಾಠವೂ ಒತ್ತಿ ಹೇಳುವುದಿಲ್ಲವೆಂಬ ಕೊರಗು ನನಗಿದೆ.

ಆದರೂ ಒಟ್ಟು ಲೆಕ್ಕದಲ್ಲಿ ಭಾರತ ಕಳೆದುಕೊಂಡದ್ದು ಕಡಿಮೆ. ಆಂಧ್ರದ ಕರ್ನೂಲು ಪ್ರದೇಶದ ಬಿಲ್ಲಸುರ್ಗಂ ಗುಹೆಗಳನ್ನು 1880ರ ದಶಕದಲ್ಲಿ ಫೂಟ್ ಮತ್ತು ಅವರ ಮಗ ಅಗೆದಿದ್ದರು. ಅದೇ ಗುಹೆಗಳನ್ನು ಮತ್ತೆ ಅಧ್ಯಯನ ಮಾಡಿದ ತಂಡವೊಂದು 2014ರಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು 2 ಲಕ್ಷ ವರ್ಷಗಳ ಅವಧಿಯ ಸ್ತರಗಳಲ್ಲಿ ಗುರುತಿಸಲಾದ 21 ಬಗೆಯ ಸಸ್ತನಿಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಇಂದಿಗೂ ಭಾರತದಲ್ಲಿವೆ. ಗುಹೆಯ ಸುಣ್ಣಕಲ್ಲು ಮೂಳೆಗಳನ್ನು ಉಳಿಸಿದ್ದರಿಂದ ಈ ಲೆಕ್ಕ ಸಾಧ್ಯವಾಯಿತು. ಇದಕ್ಕೆ ಎರಡು ವಿವರಣೆಗಳಿವೆ, ಎರಡೂ ಕೂಡಿಯೇ ಕೆಲಸ ಮಾಡಿರಬಹುದು. ಮೊದಲನೆಯದು, ಇಲ್ಲಿನ ಪ್ರಾಣಿಗಳಿಗೆ ಮನುಷ್ಯ ಹೊಸಬನಲ್ಲ. ಉತ್ತರ ಕರ್ನಾಟಕದ ಇಸಾಂಪುರದಲ್ಲಿ 10 ಲಕ್ಷ ವರ್ಷಕ್ಕೂ ಹಳೆಯ ಕಲ್ಲಿನ ಕೈಗೊಡಲಿಗಳು ಸಿಕ್ಕಿವೆ. ಅಷ್ಟು ಕಾಲ ಆಯುಧ ಹಿಡಿದ ಜೀವಿಯ ಜೊತೆ ಬದುಕಿದ ಪ್ರಾಣಿಗಳು ಅವನನ್ನು ಕಂಡು ಹೆದರಲು, ಓಡಲು, ತಿರುಗಿ ಬೀಳಲು ಕಲಿತಿದ್ದವು. ಅಮೆರಿಕದ ಪ್ರಾಣಿಗಳಿಗೆ ಆ ಅವಕಾಶ ಸಿಗಲಿಲ್ಲ. ಎರಡನೆಯದು, ಇಲ್ಲಿ ಒಣಹುಲ್ಲಿನ ಬಯಲು, ಕುರುಚಲು ಕಾಡು, ನದಿಯಂಚು, ಮಳೆಕಾಡುಗಳು ಹತ್ತಿರಹತ್ತಿರದಲ್ಲಿವೆ. ಹವಾಮಾನ ಒಣಗಿದಾಗ ಮಳೆಕಾಡು ಕುಗ್ಗಿದರೂ ಘಟ್ಟದ ಮಡಿಲುಗಳಲ್ಲಿ ಪೂರ್ತಿ ಮಾಯವಾಗಲಿಲ್ಲ. ನೀಲಗಿರಿಯ ಜೌಗುಮಣ್ಣಿನ ಇಂಗಾಲವನ್ನು ಪರೀಕ್ಷಿಸಿ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದಂತೆ, ಕಳೆದ 20,000 ವರ್ಷಗಳಲ್ಲಿಯೇ ಘಟ್ಟದ ಎತ್ತರದಲ್ಲಿ ಹುಲ್ಲುಗಾವಲು ಮತ್ತು ಕಾಡಿನ ಪಾಲು ಹಲವು ಬಾರಿ ಏರಿಳಿದಿದೆ. ಶರಾವತಿ ಕಣಿವೆಯ ಸಿಂಗಳೀಕದಂತೆ ಮರದ ಮೇಲಾವರಣ ಬಿಟ್ಟು ಬದುಕಲಾರದ ಪ್ರಾಣಿಗಳು ಇಂಥ ಉಳಿದ ಕಾಡುಗಳನ್ನು ಹಿಡಿದುಕೊಂಡೇ ಆ ಕಾಲವನ್ನು ದಾಟಿರಬೇಕು.

ಅಳಿವು ಎಂಬುದೂ ಯಾವಾಗಲೂ ಪೂರ್ಣವಾಗಿರುವುದಿಲ್ಲ. ಭಾರತದ ಬಯಲುಗಳಲ್ಲಿ ಬಾಸ್ ನಮಾಡಿಕಸ್ ಎಂಬ ಎತ್ತರದ ಕಾಡುದನ ಇತ್ತು. ಅದೀಗ ಕಾಡಿನಲ್ಲಿ ಎಲ್ಲಿಯೂ ಇಲ್ಲ. ಯುರೋಪಿನಲ್ಲಿದ್ದ ಅದರ ದಾಯಾದಿ ಪೋಲೆಂಡಿನಲ್ಲಿ 1627ರಲ್ಲಿ ಕೊನೆಗೊಂಡಿತು. ಆದರೆ ಸುಮಾರು 8000 ವರ್ಷಗಳ ಹಿಂದೆ ಸಿಂಧೂ ಬಯಲಿನ ಪಶ್ಚಿಮ ಅಂಚಿನ ಮೆಹರ್‌ಗಢದ ಸುತ್ತಿನ ಜನ ಭಾರತದ ಕಾಡುದನವನ್ನು ಪಳಗಿಸಿದರು. ಇಣಿ ಹೊತ್ತ ದೇಶೀ ತಳಿಗಳೆಲ್ಲ ಆ ಸಂತತಿಯಿಂದ ಬಂದವು. ಡಿಎನ್ಎ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಮಲೆನಾಡು ಗಿಡ್ಡವೂ ಅವುಗಳಲ್ಲಿ ಒಂದು. ಕಾಟಿಯೂ ಗಿಡ್ಡವೂ ಒಂದೇ ಕಾಡಿನಲ್ಲಿ ಮೇಯುತ್ತವೆ, ಆದರೆ ಕಾಟಿ ಗಿಡ್ಡದ ಪೂರ್ವಜ ಅಲ್ಲ, ಬಹಳ ಹಿಂದೆಯೇ ಬೇರೆಯಾದ ಕವಲು. ಪೂರ್ವಜ ಆಳೆತ್ತರದ, ಅಗಲ ಕೊಂಬಿನ ಪ್ರಾಣಿ. ಗಿಡ್ಡದ ಹಸು ಮನುಷ್ಯನ ಸೊಂಟದೆತ್ತರಕ್ಕೆ ನಿಲ್ಲುತ್ತದೆ. ಜಡಿಮಳೆ, ಇಳಿಜಾರು, ಸತ್ವ ಬಸಿದುಹೋದ ಮಣ್ಣಿನ ಬಡ ಮೇವು ಇವುಗಳ ನಡುವೆ ಕಡಿಮೆ ತಿಂದು ಬದುಕಬಲ್ಲ ಚಿಕ್ಕ ದೇಹದ ದನಗಳೇ ತಲೆಮಾರಿನಿಂದ ತಲೆಮಾರಿಗೆ ಉಳಿದುಕೊಂಡವು. ಮೂಳೆಯನ್ನು ಕರಗಿಸುವ ಅದೇ ಮಳೆ ಮತ್ತು ಮಣ್ಣು ಈ ತಳಿಯ ಎತ್ತರವನ್ನೂ ತಿದ್ದಿವೆ.